ತಕ್ಕ ಪಾಠ

ಸತ್ಯಪ್ರಕಾಶನ ಕಷ್ಟಕ್ಕೆಲ್ಲ ಮೂಲ ಒಂದು ತುಂಡು ಖಮಣ್.

ಹಿಂದಿನ ತಿಂಗಳು ವಡೋದರಾದ ಕನ್ನಡ ಬಳಗದ ಸಭೆ ಗೋರ್ವಾದ ಒಂದು ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಸೇರಿತ್ತು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕನ್ನಡದ ಮಕ್ಕಳಿಗೆಂದು ಒಂದು ಓದುವ ಪುಸ್ತಕ ತರಬೇಕು, ಪ್ರತಿ ಊರಿನವರೂ ಎರಡು ಪಾಠ ಕೊಡಬೇಕು, ಒಂದು ಪ್ರೈಮರಿ ಮಕ್ಕಳಿಗೆ, ಇನ್ನೊಂದು ಮಿಡ್ಲ್ ಸ್ಕೂಲಿನವರಿಗೆ ಎಂಬ ವಿಷಯ. ಅಧ್ಯಕ್ಷ ಬಸವರಾಜರು ನಮೂನೆಗೆಂದು ಒಂದು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದರು. ಸತ್ಯಪ್ರಕಾಶ ಕೊನೆಯ ಸಾಲಿನಲ್ಲಿ ಕುಳಿತು ಢೋಕ್ಲಾದಂಥ ಗುಜರಾತಿ ತಿಂಡಿ ಖಮಣ್ ತಿನ್ನುತ್ತಿದ್ದ. ಅದರ ಮೇಲೆ ಉದುರಿಸಿದ್ದ ಹಸಿಮೆಣಸಿನಕಾಯಿ ನೆತ್ತಿಗೇರಿತು. ಪಕ್ಕದ ಮೇಜಿನಲ್ಲಿ ಅದೇ ಖಮಣನ್ನು ಮಕ್ಕಳ ಡಬ್ಬಿಗೂ ತುಂಬುತ್ತಿದ್ದುದನ್ನು ನೋಡಿ, ಕಣ್ಣೊರೆಸಿಕೊಳ್ಳುತ್ತಾ ಕೇಳಿದ: "ಅಲ್ಲಾ, ಇದು ಎಷ್ಟನೇ ಕ್ಲಾಸಿನ ಮಕ್ಕಳಿಗೆ? ಸಣ್ಣವರಿಗೆ ಇದನ್ನ ತಡ್ಕೊಳ್ಳೋಕಾಗುತ್ತಾ?"

ಸರಿಯಾಗಿ ಆ ಗಳಿಗೆಯಲ್ಲಿ ಬಸವರಾಜರು ಉಸಿರು ತೆಗೆದುಕೊಳ್ಳಲು ಓದು ನಿಲ್ಲಿಸಿದ್ದರು. ಪ್ರಶ್ನೆ ಇಡೀ ಹಾಲಿಗೆ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಅವನ ಕಣ್ಣಲ್ಲಿ ನೀರು.

"ನೋಡ್ರಿ," ಎಂದರು ಬಸವರಾಜರು. ಗದುಗಿನವರು, ರೈಲ್ವೆಯಿಂದ ನಿವೃತ್ತರಾದವರು. "ತಾಸಿನಿಂದ ಮಾತಾಡಾಕತ್ತೀವಿ. ಈ ಪ್ರಶ್ನೆ ಯಾರರ ಕೇಳಿದ್ರೇನು? ಪಾಠ ಯಾವ ಕೂಸಿಗೆ, ಅದಕ್ಕ ತಡಿತದೋ ಇಲ್ಲೋ. ಮಕ್ಕಳ ಸಲುವಾಗಿ ಕಣ್ಣಾಗ ನೀರು ತರೋ ಮನಷ್ಯಾ ಇವರು. ಪಾಠ ಆರಿಸೋ ಕೆಲಸ ಇವರಿಗೇ ಇರ್ಲಿ."

ಚಪ್ಪಾಳೆ ಬಿತ್ತು. ಇನ್ಶೂರೆನ್ಸ್ ಆಫೀಸಿನಲ್ಲಿ ಇಷ್ಟು ವರ್ಷ ದುಡಿದರೂ ಸತ್ಯಪ್ರಕಾಶನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅದರ ಮಧ್ಯೆ ಎದ್ದು ನಿಂತು ಖಮಣಿನ ವಿಷಯ ಎತ್ತುವುದು ಅವನಿಗೆ ಸಭ್ಯತೆಯಾಗಿ ಕಾಣಲಿಲ್ಲ.

ಹಾಗೆ ತಲೆಗೆ ಬಂದ ಕೆಲಸದ ಗಡುವು ಈ ಭಾನುವಾರ. ಸಂಜೆ ನಾಲ್ಕಕ್ಕೆ ಅಹಮದಾಬಾದಿನಿಂದ ಗಿರಿಜಮ್ಮ ಬರುವವರಿದ್ದರು. ಶಿವಮೊಗ್ಗ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಓದು ಕಲಿಸಿ ನಿವೃತ್ತರಾದವರು, ಪುಸ್ತಕದ ಸಂಪಾದಕರು. ವಡೋದರಾದ ಪಾಠಗಳನ್ನು ವಡೋದರಾದ ಮಕ್ಕಳ ಬಾಯಿಂದಲೇ ಓದಿಸಿ ಕೇಳುತ್ತೇನೆ ಎಂದಿದ್ದರು. ಮಕ್ಕಳು ತಡವರಿಸಿದರೆ ಇಲ್ಲಿನ ಭಾನುವಾರದ ಕನ್ನಡ ತರಗತಿಯನ್ನು ಮುಚ್ಚಿ ಅಹಮದಾಬಾದಿನ ಆನ್‌ಲೈನ್ ತರಗತಿಗೆ ಸೇರಿಸುವುದು ಎಂದು ಮೂರೂ ಊರಿನವರು ಒಪ್ಪಿಯಾಗಿತ್ತು. ಆನ್‌ಲೈನ್ ಎಂದರೆ ಏನಾಗುತ್ತದೆಂದು ಎಲ್ಲ ತಂದೆತಾಯಂದಿರಿಗೂ ಗೊತ್ತು. ಮಕ್ಕಳು ಕ್ಯಾಮೆರಾ ಮುಚ್ಚುತ್ತಾರೆ, ಆಮೇಲೆ ಬಾಯಿ, ಆಮೇಲೆ ಕನ್ನಡ.

ಸತ್ಯಪ್ರಕಾಶನಿಗೆ ಇದರಲ್ಲಿ ಸ್ವಂತದ ಸಂಕಟವೂ ಇತ್ತು. ಮಗಳು ಮನಸ್ವಿನಿ ಆರನೇ ಕ್ಲಾಸು. ಇಂಗ್ಲಿಷಿನಲ್ಲಿ ದಿಂಬಿನಷ್ಟು ದಪ್ಪದ ಕಾದಂಬರಿ ಓದುತ್ತಿದ್ದಳು. ಓಡುವ ಸ್ಕೂಟರಿನ ಮೇಲಿಂದ ಗುಜರಾತಿ ಬೋರ್ಡು ಓದುತ್ತಿದ್ದಳು. ಕನ್ನಡವನ್ನು ಮಾತ್ರ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದ ಹಾಗೆ ಓದುತ್ತಿದ್ದಳು.

ಬೆಳಿಗ್ಗೆ ಅವಲಕ್ಕಿಯ ತಟ್ಟೆಯ ಪಕ್ಕದಲ್ಲಿ ಅವನು, ಸಣ್ಣವರಿಗೂ ದೊಡ್ಡವರಿಗೂ ಇದೇ ಆದೀತೆಂದು ತಾನು ಆರಿಸಿದ ಪಾಠವನ್ನಿಟ್ಟ. ತನ್ನ ಬಾಲ್ಯದ ಓದನ್ನು ನೆನೆದು ಹುಡುಕಿ ತಂದದ್ದು. ಹೆಂಡತಿ ರಜನಿಗೆ ಮೊದಲು ತೋರಿಸಿದ. ಅವಳು ಸೂರತ್ತಿನಲ್ಲಿ ಹುಟ್ಟಿ ಬೆಳೆದವಳು. ಅವಳ ತಂದೆ ಅಲ್ಲಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು.

"ನನ್ನನ್ನ ಏನು ಕೇಳ್ತೀರಿ? ಓದೋಳು ಅವಳು, ಅವಳನ್ನ ಕೇಳಿ," ಎಂದು ರಜನಿ ಒಗ್ಗರಣೆಯ ಕಡೆ ತಿರುಗಿದಳು.

ಮನಸ್ವಿನಿ ಬೆರಳಿಟ್ಟು ಓದಿದಳು. "ಒಂ-ದು ಊ-ರು. ಊ-ರಿ-ನ-ಲ್ಲಿ ಬಾ-ವಿ. ಬಾ-ವಿ-ಗೆ ರಾ-ಟೆ." ಓದಿ ತಲೆಯೆತ್ತಿದಳು. "ಅಪ್ಪಾ, ನಾನು ಸಿಕ್ಸ್ತ್‌ನಲ್ಲಿದೀನಿ. ಇದು ಬೇಬಿಗಳದ್ದು."

"ಸುಲಭ ಆಯ್ತು ಅಂತೀಯಾ?"

"ಸುಲಭ ಅಂದ್ರೆ, ಬೋರ್. ಮತ್ತೆ ರಾಟೆ ಅಂದ್ರೇನು?"

ಸತ್ಯಪ್ರಕಾಶ ರಾಟೆ ಎಂದರೇನೆಂದು ಹೇಳಿದ. ಅದಕ್ಕೆ ಹಗ್ಗ, ಕೊಡ, ಸೇದುವುದು ಎಲ್ಲವನ್ನೂ ಹೇಳಬೇಕಾಯಿತು. ಕೈಯಾಡಿಸಿ ಸೇದಿ ತೋರಿಸಿದ. ಮಗಳು ಗಂಭೀರವಾಗಿ ನೋಡಿ, "ಜಿಮ್‌ನಲ್ಲಿ ಇರುತ್ತಲ್ಲ, ಅದಾ?" ಎಂದಳು.

ಅವನು ತಟ್ಟೆ ಪಕ್ಕಕ್ಕಿಟ್ಟ. ಒಂದೇ ಪಾಠ ಒಂದೇ ಮಗುವಿಗೆ ಒಂದೇ ಹೊತ್ತಿನಲ್ಲಿ ತೀರಾ ಸುಲಭವೂ ತೀರಾ ಕಷ್ಟವೂ ಆಗಬಹುದೆಂದು ಅವನಿಗೆ ಇದುವರೆಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಗೋಪಾಲಕೃಷ್ಣರು. ಉಡುಪಿ ಕಡೆಯವರು. ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾಗಿ ಈಗ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಕೈಯಲ್ಲಿ ಲ್ಯಾಪ್‌ಟಾಪನ್ನು ಪ್ರಸಾದದ ತಟ್ಟೆಯಂತೆ ಹಿಡಿದಿದ್ದರು.

"ಸತ್ಯಪ್ರಕಾಶ್, ನಿಮ್ಮ ತಲೆಬಿಸಿ ಮುಗೀತು ಮಾರಾಯ್ರೆ. ನಾನೊಂದು ಸೂತ್ರ ಮಾಡಿದ್ದೇನೆ. ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಅಕ್ಷರ, ಅದರಲ್ಲಿ ಎಷ್ಟು ಒತ್ತಕ್ಷರ. ಲೆಕ್ಕ ಹಾಕಿದ್ರೆ ಯಾವ ಪಾಠ ಯಾವ ಕ್ಲಾಸಿಗೆ ಅಂತ ಅದೇ ಹೇಳ್ತದೆ. ನಮ್ಮ ಅಭಿಪ್ರಾಯ ಎಂತದೂ ಬೇಡ."

ಸತ್ಯಪ್ರಕಾಶನಿಗೆ ಜೀವ ಬಂದಂತಾಯಿತು. ಪರೀಕ್ಷೆಗೆಂದು ಒಂದು ಸಾಲು ಹೇಳಿದ: "ಅಮ್ಮ, ಅಪ್ಪ, ಅಜ್ಜಿ ಮನೆಗೆ ಬಂದರು."

ಗೋಪಾಲಕೃಷ್ಣರು ಟೈಪು ಮಾಡಿದರು. ಮುಖ ಗಂಟಾಯಿತು. "ಏಳನೇ ಕ್ಲಾಸು."

"ಅಮ್ಮ ಏಳನೇ ಕ್ಲಾಸಾ ಸಾರ್?"

"ಒತ್ತಕ್ಷರ ಉಂಟಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅತ್ತೆ, ಎಲ್ಲ ಕಠಿಣ. ಸಣ್ಣ ಮಕ್ಕಳಿಗೆ ಇವರನ್ನೆಲ್ಲ ತೆಗೀಬೇಕು."

"ಹಾಗಾದ್ರೆ ಮಗುವಿಗೆ ಯಾರು ಉಳೀತಾರೆ?"

ಗೋಪಾಲಕೃಷ್ಣರು ಪ್ರಾಮಾಣಿಕವಾಗಿ ಯೋಚಿಸಿದರು. "ಮಾವ, ಭಾವ, ನಾದಿನಿ."

ಸತ್ಯಪ್ರಕಾಶ ತನ್ನ ಆಫೀಸಿನ ಕನ್ನಡ ಕರಪತ್ರದ ಒಂದು ಸಾಲನ್ನು ಹೇಳಿ ನೋಡಿದ: "ಕಂತು ವಿಳಂಬವಾದರೆ ಪಾಲಿಸಿ ವಜಾ."

"ಒಂದನೇ ಕ್ಲಾಸು," ಎಂದು ಗೋಪಾಲಕೃಷ್ಣರು ಸಂತೋಷದಿಂದ ಹೇಳಿದರು. "ಬಹಳ ಒಳ್ಳೆ ಪಾಠ."

"ಆದ್ರೆ ಅದರ ಅರ್ಥ?"

"ಅರ್ಥ ನನ್ನ ಸೂತ್ರದ ಒಳಗೆ ಬರುದಿಲ್ಲ. ಅದು ಮುಂದಿನ ವರ್ಷ."

ಅವರು ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ ಇಂದಿರಾ ಫೋನು ಮಾಡಿದರು. ಮೈಸೂರಿನವರ ಮಗಳು, ಸರಕಾರಿ ಬ್ಯಾಂಕಿನ ಅಧಿಕಾರಿ. ಅವರ ಮಗಳು ನೇಹಾ ನಾಲ್ಕನೇ ಕ್ಲಾಸು.

"ಸತ್ಯಪ್ರಕಾಶ್ ಅವರೇ, ಕೇಳಿ. ನಮ್ಮ ನೇಹಾ ಇಂಗ್ಲಿಷಲ್ಲಿ ತನ್ನ ಕ್ಲಾಸಿಗಿಂತ ಎರಡು ಲೆವೆಲ್ ಮುಂದೆ ಓದ್ತಾಳೆ. ಕನ್ನಡದಲ್ಲಿ ಮಾತ್ರ ಯಾಕೆ ಬಾವಿ, ಬುಟ್ಟಿ? ಸೂರತ್‌ನವರ ಪಾಠ ಭಾರಿ ಇದೆಯಂತೆ. ನಾವು ಕಡಿಮೆ ಆಗ್ಬಾರ್ದು. ನಾನೊಂದು ಕಳಿಸಿದೀನಿ, ನೋಡಿ."

ಅವನು ನೋಡಿದ. ಮೊದಲ ವಾಕ್ಯ 'ಜಾಜ್ವಲ್ಯಮಾನವಾದ' ಎಂದು ಶುರುವಾಗಿ ಪರದೆಯ ತುದಿ ಮುಟ್ಟಿದರೂ ಮುಗಿದಿರಲಿಲ್ಲ. ಉಣ್ಣಲು ಕೂತವನಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಾರ ಹಾಕಿ, ಊಟವನ್ನೇ ಬಡಿಸದೆ ಎಬ್ಬಿಸಿದ ಹಾಗಿತ್ತು.

"ಇದನ್ನ ನೀವು ಓದಿದ್ರಾ ಮೇಡಂ?"

"ಕೇಳ್ದೆ. ಫೋನಿನಲ್ಲಿರೋ ಎಐಗೆ ಹೇಳಿ ಬರೆಸಿದ್ದು, ಅದೇ ಓದಿ ಹೇಳ್ತು. ಎಷ್ಟು ಘನವಾಗಿ ಕೇಳಿಸ್ತು ಗೊತ್ತಾ?"

ದಾರಿ ಕಾಣದೆ ಅವನು ಅಧ್ಯಕ್ಷರಿಗೆ ಫೋನು ಮಾಡಿದ. ಬಸವರಾಜರು ರೈಲ್ವೆಯಲ್ಲಿದ್ದಾಗ ಎಂತೆಂಥ ಮುಷ್ಕರಗಳನ್ನು ತಣ್ಣಗೆ ಮಾಡಿದವರು. ಈ ತಕರಾರನ್ನೂ ಹಾಗೇ ತಣ್ಣಗೆ ಮಾಡಿದರು.

"ಯಾರಿಗೂ ಬ್ಯಾಸರ ಮಾಡಬ್ಯಾಡ್ರಿ. ನಿಮ್ಮ ಬಾವಿ ಇರ್ಲಿ. ಇಂದಿರಾ ಬಾಯಾರ ಜಾಜ್ವಲ್ಯ ಇರ್ಲಿ. ಗೋಪಾಲಕೃಷ್ಣ ಅವರು ಬ್ಯಾಡ ಅಂದ ಒತ್ತಕ್ಷರ ತಗದುಬಿಡ್ರಿ. ಕಡೀಗೆ ನಂದೊಂದು ಸಂದೇಶ ಹಾಕ್ರಿ, ಸಣ್ಣದು. ಎಲ್ಲಾರದೂ ಸೇರಿದ್ರ ಎಲ್ಲಾರೂ ಖುಷಿ."

ಮಧ್ಯಾಹ್ನದ ಊಟ ಬಿಟ್ಟು ಸತ್ಯಪ್ರಕಾಶ ಆ ಹೊಲಿಗೆಯಲ್ಲಿ ಕುಳಿತ. ಕೊನೆಗೆ ಆದದ್ದು ಇದು: ಜಾಜ್ವಲ್ಯಮಾನವಾದ ಒಂದು ಊರಿನಲ್ಲಿ ಒಂದು ಬಾವಿ, ಅದರ ಬಳಿ ಒಬ್ಬ ಭಾವ, ಅವನ ಜೊತೆ ನಾದಿನಿ, ಅವರಿಬ್ಬರೂ ನೀರು ಸೇದುತ್ತಿರುವಾಗ ಬಸವರಾಜರ ಸಂದೇಶ. ಓಟದಲ್ಲಿ ಜೆರಾಕ್ಸ್ ಅಂಗಡಿಗೆ ಹೋದ. ಅಂಗಡಿಯವನು "ಕೇಟ್ಲಿ ಕಾಪಿ, ಸಾಹೇಬ್?" ಎಂದು ಎಷ್ಟು ಪ್ರತಿ ಬೇಕೆಂದು ಕೇಳಿ, ಹಾಳೆಯ ಮೇಲಿನ ದುಂಡು ಅಕ್ಷರಗಳನ್ನು ಅಭಿಮಾನದಿಂದ ನೋಡಿ, "ಜಿಲೇಬಿ ಜೇವು ಲಾಗೇ ಛೇ," ಎಂದ. ಜಿಲೇಬಿಯ ಹಾಗಿದೆ ಎಂಬ ಆ ಮಾತೊಂದೇ ಆ ಪಾಠಕ್ಕೆ ದಿನವಿಡೀ ಸಿಕ್ಕ ಹೊಗಳಿಕೆ.

ಎರಡೂವರೆಗೆ ಮಕ್ಕಳೆಲ್ಲ ಹಾಲಿನಲ್ಲಿ ಸೇರಿದರು. ಹೊರಗೆ ತಂತಿಗಳ ಮೇಲೆ ಉತ್ತರಾಯಣದ ಹಬ್ಬದಲ್ಲಿ ಹಾರಿಸಿದ್ದ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿದ್ದವು. ಸತ್ಯಪ್ರಕಾಶ ಹಾಳೆ ಹಂಚಿದ. ಎಲ್ಲರಿಗಿಂತ ಚಿಕ್ಕವಳಾದ ವಿಂಧ್ಯಾ ಎರಡನೇ ಕ್ಲಾಸು. ಅವಳು 'ಜಾ' ಎಂದಳು, 'ಜಾಜ್' ಎಂದಳು, ಆಮೇಲೆ ಕೆಳಗಿನ ತುಟಿ ಮುಂದೆ ಬಂತು. ನೇಹಾ ಒಂದೇ ಉಸಿರಿನಲ್ಲಿ ಓದಲು ಹೋಗಿ ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿದು ಕೂತಳು. ಎಂಟನೇ ಕ್ಲಾಸಿನ ಮಯೂರ್ ಭಾವ ನಾದಿನಿಯರ ಭಾಗವನ್ನು ತೊಟ್ಟಿಲ ಕೂಸಿನ ದನಿಯಲ್ಲಿ ಓದಿದ. ಎಲ್ಲರೂ ನಕ್ಕರು. ಸತ್ಯಪ್ರಕಾಶನಿಗೂ ನಗು ಬಂತು. ಅವನಿಗೆ ಗಾಬರಿಯಾದದ್ದು ಅದಕ್ಕೇ.

"ಅಂಕಲ್," ಎಂದ ಮಯೂರ್, ಹಾಳೆಯನ್ನು ತಿರುಗಿಸಿ ನೋಡುತ್ತಾ, "ಸೀರಿಯಸ್ ಆಗಿ ಕೇಳ್ತಿದೀನಿ. ಇದನ್ನ ಯಾರು ಬರೆದ್ರು?"

ಸತ್ಯಪ್ರಕಾಶ ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ ಸೋತಿದ್ದ. ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕುಳಿತ. ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ. ಬೆಳಿಗ್ಗೆಯಿಂದ ಆದದ್ದನ್ನು ಆದ ಹಾಗೆ ಹೇಳಿದ, ಹೆಸರು ಮಾತ್ರ ಬಿಟ್ಟು. ಅಮ್ಮ ಏಳನೇ ಕ್ಲಾಸು ಎಂದದ್ದು. ಅಪ್ಪನನ್ನೂ ಅಜ್ಜನನ್ನೂ ತೆಗೆದುಹಾಕಿದ್ದು. ಪಾಠಕ್ಕೆ ಒಬ್ಬರು ಪೇಟ ತೊಡಿಸಿದ್ದು, ಇನ್ನೊಬ್ಬರು ಸಂದೇಶ ಹೊರಿಸಿದ್ದು. ಮಕ್ಕಳು ನೆಲದ ಮೇಲೆ ಉರುಳಾಡಿ ನಕ್ಕರು. ಅಳಲು ತಯಾರಾಗಿದ್ದ ವಿಂಧ್ಯಾ ಕಣ್ಣು ಅರಳಿಸಿ ಕೇಳಿದಳು: "ಅಂಕಲ್, ಅಮ್ಮನ್ನೂ ಕಳಿಸಿಬಿಟ್ರಾ?"

"ಹೂಂ. ಅಮ್ಮನ್ನೂ."

"ಅಜ್ಜೀನ?"

"ಅಜ್ಜೀನೂ ಹೋಗು ಅಂದ್ರು."

ವಿಂಧ್ಯಾ ತಲೆಯಾಡಿಸಿದಳು. "ನಮ್ಮಜ್ಜಿ ಹೋಗಲ್ಲ."

ಅವಳು ಹೇಳಿದ ರೀತಿಯಲ್ಲಿ ಅಪೀಲಿಗೆ ಜಾಗವಿರಲಿಲ್ಲ. ಮನಸ್ವಿನಿ ಅಪ್ಪನ ತೋಳು ಹಿಡಿದಳು. "ಅಪ್ಪಾ, ಇದನ್ನೇ ಬರಿ. ಇದೇ ಪಾಠ."

ಸತ್ಯಪ್ರಕಾಶ ಎದ್ದ. ಬಿಳಿಯ ಬೋರ್ಡನ್ನು ಒರೆಸಿದ. ಮುಂದಿನ ಒಂದು ಗಂಟೆ ಹೇಗೆ ಹೋಯಿತೆಂದು ಅವನಿಗೂ ತಿಳಿಯಲಿಲ್ಲ. ಸಣ್ಣವರು ಹೇಳಿದ್ದನ್ನು ಎಡಗಡೆ ಬರೆದ. ಒಂದೇ ಮಾತು ಮತ್ತೆ ಮತ್ತೆ ಬಂದರೆ ಅವರಿಗೆ ಬೇಸರವಿರಲಿಲ್ಲ, ಬದಲಿಗೆ ಮುಂದಿನ ಸಾಲಿನಲ್ಲಿ ಅದು ಬರುವುದನ್ನೇ ಕಾಯುತ್ತಿದ್ದರು. ಒತ್ತಕ್ಷರ ಬಂದಲ್ಲಿ ಹೆದರಲಿಲ್ಲ, ಯಾಕೆಂದರೆ ಆ ಅಕ್ಷರದ ಹಿಂದೆ ಅವರ ಮನೆಯ ಅಜ್ಜಿಯೇ ನಿಂತಿದ್ದಳು. ದೊಡ್ಡವರದು ಬಲಗಡೆ. ಅವರದು ಬೇರೆಯೇ ಹಟ. ಪದ ಸುಲಭವಿರಲಿ ಎನ್ನುತ್ತಿದ್ದರು, ಆದರೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಸಿಟ್ಟು.

"ಅದು ಬೇಡ ಅಂಕಲ್, ಅಳಿಸಿ," ಎಂದ ಮಯೂರ್ ಒಂದು ಸಾಲಿಗೆ. "ಅಷ್ಟು ನಮ್ಗೇ ಗೊತ್ತಾಗುತ್ತೆ."

ಅಳಿಸಿದ. ಅಳಿಸಿದ ಮೇಲೆ ಪಾಠ ಮೊದಲಿಗಿಂತ ಕಷ್ಟವಾಯಿತು, ಮೊದಲಿಗಿಂತ ಚೆನ್ನಾಗಿಯೂ ಆಯಿತು. ತಾನು ಹದಿಮೂರು ವರ್ಷದ ಹುಡುಗನ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ ಎನ್ನಿಸಿ ಸತ್ಯಪ್ರಕಾಶನಿಗೆ ಒಂದು ಬಗೆಯ ಹೆಮ್ಮೆಯಾಯಿತು.

ಗಿರಿಜಮ್ಮ ನಾಲ್ಕಕ್ಕೆ ಸರಿಯಾಗಿ ಬಂದರು. ಸಣ್ಣ ಆಳು, ಕಾಟನ್ ಸೀರೆ, ಕಾಲಿಗೆ ಓಟಕ್ಕೆ ಹಾಕುವ ಶೂ. ಹಾಲಿನ ತುಂಬ ತಂದೆತಾಯಂದಿರು. ಬಸವರಾಜರು ಸ್ವಾಗತ ಭಾಷಣಕ್ಕೆ ಎದ್ದಾಗ ಗಿರಿಜಮ್ಮ, "ಮಕ್ಕಳು ಮೊದಲು ಓದಲಿ, ಆಮೇಲೆ ನಾವು ಮಾತಾಡೋಣ. ಅವರ ಧೈರ್ಯ ಆರಿಹೋಗಬಾರದು," ಎಂದು ಮೆಲ್ಲಗೆ ಅವರನ್ನು ಕೂರಿಸಿದರು.

ವಿಂಧ್ಯಾ ಬೋರ್ಡಿನ ಮುಂದೆ ನಿಂತಳು. ಬೆರಳಿಡಲಿಲ್ಲ.

"ಒಬ್ಬ ಅಂಕಲ್ ಬಂದರು. 'ಅಮ್ಮ ಬೇಡ' ಅಂದರು. ಅಮ್ಮ ಹೋದಳು. 'ಅಪ್ಪ ಬೇಡ' ಅಂದರು. ಅಪ್ಪ ಹೋದ. 'ಅಜ್ಜಿ ಬೇಡ' ಅಂದರು." ಇಲ್ಲಿ ಅವಳು ನಿಂತು ಎಲ್ಲರನ್ನೂ ಒಮ್ಮೆ ನೋಡಿದಳು. "ಅಜ್ಜಿ ಹೋಗಲಿಲ್ಲ. 'ಮೊದಲು ಊಟ ಮಾಡು' ಅಂದಳು. ಅಂಕಲ್ ಕುಳಿತರು. ಅಜ್ಜಿ ಅನ್ನ ಬಡಿಸಿದಳು. ಅಂಕಲ್ 'ಅಮ್ಮಾ' ಅಂದರು."

ಹಾಲಿನಲ್ಲಿ ನಗು ಎದ್ದಿತು. ಗೋಪಾಲಕೃಷ್ಣರು ಅಭ್ಯಾಸಬಲದಿಂದ ಒತ್ತಕ್ಷರಗಳನ್ನು ಎಣಿಸುತ್ತಿದ್ದವರು ಕೊನೆಯ ಸಾಲಿಗೆ ಬಂದಾಗ ಎಣಿಕೆ ಬಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ಆ ಅಂಕಲ್ ಯಾರೆಂದು ಅವರಿಗೆ ಗೊತ್ತಾಗಿತ್ತು. ಆದರೂ ಪಕ್ಕದವರಿಗೆ ಅವರು ಹೇಳಿದ್ದು, "ಮಗು ಎಷ್ಟು ಚಂದ ಓದ್ತದೆ ಮಾರಾಯ್ರೆ," ಎಂದಷ್ಟೆ.

ಆಮೇಲೆ ದೊಡ್ಡವರ ಸರದಿ. ಮನಸ್ವಿನಿ ಅರ್ಧ, ಮಯೂರ್ ಅರ್ಧ ಓದಿದರು.

"ಒಂದು ಪಾಠ ಮಕ್ಕಳ ಮನೆಗೆ ಹೊರಟಿತು. ಅದಕ್ಕೆ ಮಕ್ಕಳೆಂದರೆ ಇಷ್ಟ. ದಾರಿಯಲ್ಲಿ ಒಬ್ಬರು ಸಿಕ್ಕಿ, 'ಹೀಗೆ ಹೋದರೆ ಯಾರು ಮರ್ಯಾದೆ ಕೊಡುತ್ತಾರೆ?' ಎಂದು ತಲೆಗೆ ಪೇಟ ಇಟ್ಟರು. ಇನ್ನೊಬ್ಬರು, 'ನಿನ್ನ ಕೈ ಉದ್ದ, ಕಾಲು ಉದ್ದ' ಎಂದು ಅಳೆದು ಕತ್ತರಿಸಿದರು. ಮತ್ತೊಬ್ಬರು, 'ಹೋಗುತ್ತಿದ್ದೀಯಲ್ಲ, ನನ್ನದೊಂದು ಮಾತು ಹೇಳು' ಎಂದು ಬೆನ್ನಿಗೆ ಮೂಟೆ ಕಟ್ಟಿದರು. ಪಾಠ ಎಲ್ಲರಿಗೂ ನಮಸ್ಕಾರ ಮಾಡಿತು. ಕುಂಟುತ್ತಾ ಬಂದು ಬಾಗಿಲು ತಟ್ಟಿತು. ಮಕ್ಕಳು ತೆರೆದರು. 'ಯಾರು ಬೇಕು?' ಎಂದು ಕೇಳಿದರು."

ಮನಸ್ವಿನಿ ಓದುವಾಗ ಸತ್ಯಪ್ರಕಾಶ ಅವಳ ಪಾದಗಳನ್ನು ನೋಡುತ್ತಿದ್ದ, ಮುಖ ನೋಡಲು ಧೈರ್ಯವಿರಲಿಲ್ಲ. ಎಲ್ಲೂ ಕಲ್ಲು ತಾಗಲಿಲ್ಲ. 'ಮರ್ಯಾದೆ'ಯ ಹತ್ತಿರ ಒಂದು ಸಲ ನಿಧಾನಿಸಿದಳು, ದಾಟಿದಳು. ಅವನು ಕಣ್ಣೊರೆಸಿಕೊಂಡ. ಈ ಸಲ ಅದಕ್ಕೆ ಹಸಿಮೆಣಸಿನಕಾಯಿ ಕಾರಣವಲ್ಲ.

ಗಿರಿಜಮ್ಮ ಮಯೂರನನ್ನು ಕೇಳಿದರು. "ಮಕ್ಕಳು ಯಾಕಪ್ಪಾ ಹಾಗೆ ಕೇಳಿದ್ರು? ಪಾಠ ಬರ್ತದೆ ಅಂತ ಅವರಿಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆದ್ರೆ ಅದು ಪಾಠ ಅಂತ ಗುರ್ತೇ ಸಿಗ್ಲಿಲ್ಲ. ಎಲ್ರೂ ಅವ್ರವ್ರಿಗೆ ಬೇಕಾದ್ದು ಹಾಕಿದ್ರು. ಬಾಗಿಲಿನ ಈಚೆ ಯಾರಿದಾರೆ ಅಂತ ಯಾರೂ ಕೇಳ್ಲಿಲ್ಲ."

ಬಸವರಾಜರು ಜೇಬಿನಲ್ಲಿದ್ದ ಸಂದೇಶದ ಚೀಟಿಯನ್ನು ಇನ್ನೂ ಸ್ವಲ್ಪ ಒಳಗೆ ತಳ್ಳಿದರು.

ಗಿರಿಜಮ್ಮ ಎದ್ದು ನಿಂತರು. "ನಾನು ಮಕ್ಕಳಿಗೆ ಪಾಠ ಆರಿಸಿ ಆರಿಸಿ ಮುದುಕಿಯಾದೆ," ಎಂದರು. "ಅಳತೆಗೋಲು ಬೇಕು, ಬೇಡ ಅನ್ನಲ್ಲ. ವಾಕ್ಯ ಉದ್ದ ಇದೆಯಾ ನೋಡಬೇಕು, ಪದ ಕಷ್ಟ ಇದೆಯಾ ನೋಡಬೇಕು. ಆದ್ರೆ ಅಷ್ಟೇ ನೋಡಿದ್ರೆ ಅಂಗಿಯ ಅಳತೆ ತಗೊಂಡು ಮಗುವನ್ನ ಮರೆತ ಹಾಗೆ. ಈ ಎರಡನೇ ಪಾಠದ ಮಾತುಗಳು ಮೂರನೇ ಕ್ಲಾಸಿನವು. ಒಳಗಿರೋದು ನನ್ನ ವಯಸ್ಸಿನವರಿಗೂ ಸಾಕು. ಇಂಥದ್ದು ಸಿಗೋದು ಅಪರೂಪ. ಎರಡೂ ಪುಸ್ತಕಕ್ಕೆ ಬರಲಿ. ಇಂಥ ತರಗತಿಯನ್ನ ಮುಚ್ಚೋ ಮಾತು ಇನ್ನು ಯಾರೂ ಎತ್ತಬಾರದು."

ಈ ಸಲದ ಚಪ್ಪಾಳೆಯನ್ನು ಸತ್ಯಪ್ರಕಾಶ ಪೂರ್ತಿಯಾಗಿ ಸ್ವೀಕರಿಸಿದ. ಅದರ ಜೊತೆಗೆ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡ. ಕೆಲಸ ಮುಗಿಯಿತು. ಇನ್ನು ಭಾನುವಾರ ಊಟವಾದ ಮೇಲೆ ಪರದೆ ಎಳೆದು ಮಲಗಿದರೆ ಯಾರೂ ಕೇಳುವಂತಿಲ್ಲ.

ಆಗ ಇಂದಿರಾ ಎದ್ದು ನಿಂತರು. ಬ್ಯಾಂಕಿನಲ್ಲಿ ಎಂಥ ಗಿರಾಕಿಗೂ ಬಗ್ಗದವರು, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಒಂದು ಮಾತು ಹೇಳ್ಬೇಕು. ಪೇಟ ಇಟ್ಟೋಳು ನಾನು. ನಮ್ಮಪ್ಪ ಮಿಲಿಟರೀಲಿದ್ರು, ಊರೂರು ತಿರುಗಿ ಓದ್ದೆ. ಕನ್ನಡ ಮಾತಾಡ್ತೀನಿ, ಓದಕ್ಕೆ ಬರಲ್ಲ. ನೇಹಾ ಓದಿದ್ರೆ ಸರೀನೋ ತಪ್ಪೋ ನಂಗೆ ಗೊತ್ತಾಗಲ್ಲ. ಅದಕ್ಕೇ ಕಷ್ಟದ್ದು ಇದ್ರೆ ಒಳ್ಳೇದೇ ಇರ್ಬೇಕು ಅಂದ್ಕೊಂಡೆ. ಇವತ್ತು ಬೋರ್ಡ್ ಮೇಲೆ ಏನಿದೆ ಅಂತ ನಂಗೂ ಓದ್ಬೇಕು ಅನ್ನಿಸ್ತು."

ಯಾರೂ ನಗಲಿಲ್ಲ. ಅಷ್ಟು ಜನರ ಮುಂದೆ ಇಷ್ಟು ನೇರವಾಗಿ ಹೇಳಿದ ಹೆಂಗಸನ್ನು ಸತ್ಯಪ್ರಕಾಶ ಗೌರವದಿಂದ ನೋಡಿದ. ಬೆಳಿಗ್ಗೆ ಅವರ ಬಗ್ಗೆ ಅಂದುಕೊಂಡದ್ದಕ್ಕೆಲ್ಲ ಒಳಗೇ ಕ್ಷಮೆ ಕೇಳಿಕೊಂಡ.

ಗಿರಿಜಮ್ಮ ಇಂದಿರಾರ ಕೈ ಹಿಡಿದರು. "ಇವರ ಹಾಗೆ ಇನ್ನೂ ಯಾರಿಗಾದ್ರೂ ಓದೋ ಆಸೆ ಇದ್ರೆ ಕೈ ಎತ್ತಿ. ನಾಚಿಕೆಯ ವಿಷಯ ಅಲ್ಲ."

ಒಂದು ಕೈ ಎದ್ದಿತು. ಅದರ ಹಿಂದೆ ಇನ್ನೊಂದು. ದೆಹಲಿಯಲ್ಲಿ ಬೆಳೆದವರು, ಮುಂಬಯಿಯಲ್ಲಿ ಓದಿದವರು, ಇಲ್ಲೇ ಹುಟ್ಟಿದವರು. ಉಗ್ರಾಣದ ಬಾಗಿಲಿನಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ರಜನಿ, ತಟ್ಟೆಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಎತ್ತಿದಳು.

ಚಹ ಸಾಲುವುದಿಲ್ಲ ಎಂದು ಸನ್ನೆ ಮಾಡುತ್ತಿದ್ದಾಳೆ ಎಂದು ಸತ್ಯಪ್ರಕಾಶ ತಿಳಿದ. ತನಗೆ ಬೇಡ ಎಂದು ತಲೆಯಾಡಿಸಿದ. ಕೈ ಇಳಿಯಲಿಲ್ಲ. ಅವನು ಎದ್ದು ಹತ್ತಿರ ಹೋದ.

"ಕೈ ಯಾಕೆ ಎತ್ತಿದ್ದೀಯ?"

"ನಂಗೂ ಓದಕ್ಕೆ ಬರಲ್ವಲ್ಲ ರೀ."

"ಯಾವಾಗಿಂದ?"

"ಹುಟ್ಟಿದಾಗಿಂದ. ನಾನಿದ್ದ ಕಡೆ ಕನ್ನಡ ಶಾಲೆ ಇರ್ಲಿಲ್ಲ. ಗುಜರಾತಿ ಮೀಡಿಯಂ ಓದಿದ್ದು."

"ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತಲ್ಲೇ. ನಂಗೆ ಗೊತ್ತೇ ಇಲ್ಲ."

"ನೀವು ಯಾವತ್ತು ಕೇಳಿದ್ರಿ? ಮೆಸೇಜು ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಹಾಕ್ತೀರಿ. ಸಾಮಾನಿನ ಚೀಟಿ ನಾನೇ ಬರೀತೀನಿ." ರಜನಿಗೆ ಸ್ವಲ್ಪವೂ ಸಂಕೋಚವಿರಲಿಲ್ಲ. "ವಿಂಧ್ಯಾ ಓದೋದು ನೋಡಿ ಆಸೆ ಆಯ್ತು."

ಅಷ್ಟರಲ್ಲಿ ಹಿಂದಿನಿಂದ ಬಸವರಾಜರ ದನಿ ಹಾಲಿನ ತುಂಬ ಮೊಳಗಿತು. "ಹಂಗಿದ್ರ ಭಾನುವಾರ ಮಕ್ಕಳ ಕ್ಲಾಸ್ ಮುಗದ ಮ್ಯಾಲೆ ದೊಡ್ಡಾವರ ಕ್ಲಾಸ್. ಪಾಠ ಆರಿಸಾಕ ಸತ್ಯಪ್ರಕಾಶ್ ಅವರ ಬಿಟ್ಟು ಇನ್ಯಾರು ಅದಾರ್ರಿ? ಸಣ್ಣಾವರದು ಆತು, ಮಿಡ್ಲ್ ಸ್ಕೂಲ್ ಆತು, ಇನ್ನ ಇದು."

ಮತ್ತೆ ಚಪ್ಪಾಳೆ ಬಿತ್ತು, ಎಲ್ಲದಕ್ಕಿಂತ ಜೋರಾಗಿ. ಅದರಲ್ಲಿ ಮನಸ್ವಿನಿಯ ಚಪ್ಪಾಳೆಯೂ ಇತ್ತು. ಸತ್ಯಪ್ರಕಾಶನ ಭಾನುವಾರದ ನಿದ್ದೆ ಆ ಸದ್ದಿನಲ್ಲಿ ಯಾರಿಗೂ ಕಾಣದೆ ಹೊರಟುಹೋಯಿತು.

ಸಂಜೆ ಮನೆಗೆ ಬಂದು ಅವನು ಕಾಲು ಚಾಚುವ ಮೊದಲೇ ರಜನಿ ಊಟದ ಮೇಜನ್ನು ಒರೆಸಿ, ಮಗಳ ಪೆನ್ಸಿಲನ್ನು ಕೆತ್ತಿಕೊಂಡು ಎದುರಿಗೆ ಕುಳಿತಳು. ಬೆನ್ನು ನೆಟ್ಟಗೆ, ಕಣ್ಣಲ್ಲಿ ಹೊಸ ಹೊಳಪು. 'ಎಷ್ಟು ಚೆಂದ ಕಾಣುತ್ತಾಳೆ' ಎಂದುಕೊಂಡ ಸತ್ಯಪ್ರಕಾಶ.

"ಭಾನುವಾರದ ತನಕ ಕಾಯಲ್ಲ. ಏನಾದ್ರೂ ಓದಕ್ಕೆ ಕೊಡಿ," ಎಂದಳು. "ಸುಲಭದ್ದೇ ಕೊಡಿ. ಆದ್ರೆ ಸುಲಭದ್ದು ಕೊಟ್ಟಿದೀರಿ ಅಂತ ನಂಗೆ ಅನ್ನಿಸ್ಬಾರ್ದು."

ಸತ್ಯಪ್ರಕಾಶ ಪುಸ್ತಕದ ಕಪಾಟಿನ ಮುಂದೆ ನಿಂತ. ಒಂದನ್ನು ತೆಗೆದ, ಒಳಗಿಟ್ಟ. ಇನ್ನೊಂದನ್ನು ಮುಟ್ಟಿದ, ಕೈ ಹಿಂದಕ್ಕೆ ತೆಗೆದ. ಸ್ವಲ್ಪ ಹೊತ್ತಾದ ಮೇಲೆ ಬಾಲ್ಕನಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಗಿರಿಜಮ್ಮನವರಿಗೆ ಫೋನು ಹಚ್ಚಿ ಪಿಸುದನಿಯಲ್ಲಿ ಸಂಗತಿ ಹೇಳಿದ.

ಆ ಕಡೆಯಿಂದ ರೈಲಿನ ಸದ್ದು. ಗಿರಿಜಮ್ಮ ಪೂರ್ತಿ ಕೇಳಿಸಿಕೊಂಡರು.

"ಸತ್ಯಪ್ರಕಾಶ್," ಎಂದರು, "ನಾನು ಸಾವಿರಾರು ಮಕ್ಕಳಿಗೆ ಪಾಠ ಆರಿಸಿದೀನಿ. ಹೆಂಡತಿಗೆ ಆರಿಸಿದ ಅನುಭವ ನನಗಿಲ್ಲ. ನಿಮಗೆ ಏನಾದ್ರೂ ಹೊಳೆದ್ರೆ ನನಗೂ ತಿಳಿಸಿ, ಪುಸ್ತಕದಲ್ಲಿ ಹಾಕೋಣ. ಆನಂದ್ ಸ್ಟೇಷನ್ ಬಂತು, ಇಡ್ತೀನಿ."

ಒಳಗೆ ಮೇಜಿನ ಮೇಲೆ ಪೆನ್ಸಿಲ್ ತಟ್ಟುವ ಸದ್ದಾಯಿತು.

"ಸಿಕ್ತಾ ರೀ?" ಎಂದು ರಜನಿ ಕರೆದಳು.